ಒಂದು ಕಲಮು, ಇಬ್ಬರು ಅಧಿಕಾರಿಗಳು



ಇತಿಹಾಸದ ಉಪನ್ಯಾಸವೊಂದನ್ನು ಸಿಮೆಂಟಿನ ಚೀಲದಿಂದ ಮೊದಲುಮಾಡುವುದು ಕೆಲವರಿಗೆ ಅನುಚಿತವಾಗಿ ತೋರಬಹುದು. ಆದರೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನೊಳಗೊಂಡ ಈ ಸೀಮೆಯಲ್ಲಿ ನೆಲದಡಿಯ ಸುಣ್ಣದ ಕಲ್ಲು ಸಾಮಾನ್ಯ ವಸ್ತುವಲ್ಲ. ಶಹಾಬಾದದ ಫರಸಿ ದೇಶದ ಎಷ್ಟೋ ಮನೆಗಳ, ಕಚೇರಿಗಳ, ರೈಲು ನಿಲ್ದಾಣಗಳ ನೆಲಕ್ಕೆ ಹಾಸಾಗಿದೆ. ಅದೇ ಕಲ್ಲನ್ನು ಸುಟ್ಟು ಪುಡಿಮಾಡುವ ಕಾರ್ಖಾನೆಗಳು ಮೊದಲು ಶಹಾಬಾದದಲ್ಲಿಯೂ, 1968ರಲ್ಲಿ ವಾಡಿಯಲ್ಲಿಯೂ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡಗಳಲ್ಲಿಯೂ ಎದ್ದುವು. ಅಲ್ಲಿಂದ ಹೊರಡುವ ಚೀಲವೊಂದು ಅಂಗಡಿಯನ್ನು ಮುಟ್ಟುವಾಗ ಅದರ ಹಿಂದೆ ಎರಡು ಪ್ರಶ್ನೆಗಳು ಬರುತ್ತವೆ. ಈ ಮಾರಾಟದ ಮೇಲೆ ಸರ್ಕಾರವು ಯಾವ ಹಂತದಲ್ಲಿ, ಎಷ್ಟು ತೆರಿಗೆಯನ್ನು ತೆಗೆದುಕೊಳ್ಳಬೇಕು? ವೈಶಾಖದ ಬಿಸಿಲಿನಲ್ಲಿ ಬೇಯುವ ಊರಿನಲ್ಲಿ ಇದರಿಂದ ಎಂತಹ ಮನೆಯನ್ನು ಕಟ್ಟಬೇಕು?

ಮೊದಲನೆಯ ಪ್ರಶ್ನೆಗೆ ತಮ್ಮ ಆಯುಷ್ಯದ ಬಹುಭಾಗವನ್ನು ಕೊಟ್ಟವರಲ್ಲಿ ರೋಲ್ಫ್ ಗ್ರಾಬೋವರ್ ಎಂಬ ಜರ್ಮನ್ ಹಣಕಾಸಿನ ಅಧಿಕಾರಿಯೊಬ್ಬರು. ಎರಡನೆಯದನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿದ್ದ ಓಟ್ಟೊ ಕೋನಿಗ್ಸ್‌ಬರ್ಗರ್ ಒಬ್ಬರು. ಇಬ್ಬರೂ ಬರ್ಲಿನ್ ನಗರದಲ್ಲಿ ಹುಟ್ಟಿದವರು. ಮೊದಲನೆಯವರು 1883ರಲ್ಲಿ, ಎರಡನೆಯವರು 1908ರಲ್ಲಿ. ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಯಾವ ವಿಧದಲ್ಲಿಯೂ ಸಂಬಂಧಪಟ್ಟವರಲ್ಲ. ಆದರೂ ಇಬ್ಬರ ಬಾಳನ್ನೂ ತಿರುಗಿಸಿದುದು ಒಂದೇ ಶಾಸನದ ಒಂದೇ ಕಲಮು. ಅದು ಒಬ್ಬರನ್ನು ಕೂಡಲೆ ಹೊಡೆಯಿತು. ಇನ್ನೊಬ್ಬರಿಗೆ ವಿನಾಯಿತಿಯನ್ನು ಕೊಟ್ಟಿತು. ವಿನಾಯಿತಿ ದೊರೆತವರ ಗತಿಯೇ ಹೆಚ್ಚು ಘೋರವಾಯಿತೆಂಬುದನ್ನು ನಾವು ಈ ಹೊತ್ತು ವಿಚಾರಮಾಡಬೇಕಾಗಿದೆ.

1933ನೆಯ ಇಸವಿ ಜನವರಿ 30ರಂದು ಹಿಟ್ಲರನು ಜರ್ಮನಿಯ ಪ್ರಧಾನಿಯಾದನು. ಏಪ್ರಿಲ್ 7ರಂದು ‘ವೃತ್ತಿ ಅಧಿಕಾರಿವರ್ಗದ ಪುನಃಸ್ಥಾಪನೆ’ ಎಂಬ ಸಾಧುವಾದ ಹೆಸರಿನ ಶಾಸನವೊಂದು ಹೊರಬಿದ್ದಿತು. ಹೆಸರನ್ನು ಮಾತ್ರ ಕೇಳಿದವರು ಲಂಚಗುಳಿಗಳನ್ನು ತೆಗೆದುಹಾಕಿ ದಕ್ಷರನ್ನು ನಿಲ್ಲಿಸುವ ಏರ್ಪಾಟೆಂದು ತಿಳಿದಾರು. ಅದರ ಮೂರನೆಯ ಕಲಮು ಹೇಳುವುದೇ ಬೇರೆ: ಆರ್ಯವಂಶದವರಲ್ಲದ ಅಧಿಕಾರಿಗಳನ್ನು ಸೇವೆಯಿಂದ ನಿವೃತ್ತಿಗೊಳಿಸತಕ್ಕದ್ದು. ನಾಲ್ಕು ದಿನ ಕಳೆಯುವುದರೊಳಗಾಗಿ ಬಂದ ನಿಯಮವು ಅಜ್ಜ ಅಜ್ಜಿಯರ ಪೈಕಿ ಒಬ್ಬರು ಯೆಹೂದ್ಯರಾಗಿದ್ದರೂ ಸಾಕೆಂದು ವಿವರಿಸಿತು. ತಾನು ಚರ್ಚಿನಲ್ಲಿ ದೀಕ್ಷೆ ಪಡೆದ ಕ್ರೈಸ್ತನೆಂದು ಹೇಳಿಕೊಳ್ಳುವುದರಿಂದ ಪ್ರಯೋಜನವಿರಲಿಲ್ಲ. ಅಧಿಕಾರಿಯು ತನ್ನ ಕೆಲಸದ ಲೆಕ್ಕವನ್ನಲ್ಲ, ವಂಶಾವಳಿಯನ್ನು ಒಪ್ಪಿಸಬೇಕಾಯಿತು.

ಆದರೆ ಆಗಿನ ಅಧ್ಯಕ್ಷರು ಮುದುಕ ಸೇನಾಪತಿ ಹಿಂಡೆನ್‌ಬುರ್ಗ್. ತಮ್ಮ ಕೈಕೆಳಗೆ ಕಾದಾಡಿದವರನ್ನು ಬೀದಿಗೆ ತಳ್ಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಒತ್ತಾಯದಿಂದ ಕಲಮಿಗೆ ಮೂರು ವಿನಾಯಿತಿಗಳು ಸೇರಿದುವು. 1914ರ ಆಗಸ್ಟ್ 1ಕ್ಕೆ ಮೊದಲೇ ಅಧಿಕಾರದಲ್ಲಿದ್ದವರು, ಮಹಾಯುದ್ಧದಲ್ಲಿ ರಣರಂಗದ ಮುಂಚೂಣಿಯಲ್ಲಿ ಹೋರಾಡಿದವರು, ಆ ಯುದ್ಧದಲ್ಲಿ ತಂದೆಯನ್ನೋ ಮಗನನ್ನೋ ಕಳೆದುಕೊಂಡವರು, ಇವರು ಉಳಿಯಬಹುದು.

ಕೋನಿಗ್ಸ್‌ಬರ್ಗರರಿಗೆ ಈ ಮೂರರಲ್ಲಿ ಒಂದೂ ಅನ್ವಯಿಸಲಿಲ್ಲ. ಅವರಿಗಾಗ ಇಪ್ಪತ್ತನಾಲ್ಕು ವರ್ಷ. ಹಾನ್ಸ್ ಪೋಲ್ಜಿಗ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಶಿಷ್ಯರಾಗಿ ಓದಿ, ಪ್ರಷ್ಯಾ ಸರ್ಕಾರದ ಕಟ್ಟಡದ ಖಾತೆಯಲ್ಲಿ ಆಗತಾನೆ ಕಾಲಿರಿಸಿದ್ದರು. 1933ರಲ್ಲಿ ತರುಣ ಶಿಲ್ಪಿಗಳಿಗೆ ಮೀಸಲಾದ ಷಿಂಕೆಲ್ ಬಹುಮಾನವನ್ನು ಪಡೆದುದೂ ಅದೇ ವರ್ಷದಲ್ಲಿ ಕೆಲಸದಿಂದ ತೆಗೆಯಲ್ಪಟ್ಟುದೂ ಅವರ ಜೀವನದ ಅಕ್ಕಪಕ್ಕದ ಸಂಗತಿಗಳು. ಕಟ್ಟಿಕೊಂಡ ಮನೆಯಿಲ್ಲ, ಕಾಯಬೇಕಾದ ಪಿಂಚಣಿಯಿಲ್ಲ. ಅವರು ಈಜಿಪ್ತಿಗೆ ಹೋಗಿ, ಲುಡ್ವಿಗ್ ಬೋರ್ಖಾರ್ಟ್ ಎಂಬ ಪುರಾತತ್ತ್ವಜ್ಞರ ಬಳಿಯಲ್ಲಿ ಕೆಲಸಮಾಡುತ್ತ, ಪ್ರಾಚೀನ ಈಜಿಪ್ತಿನ ಬಾಗಿಲುಗಳ ರಚನೆಯ ಮೇಲೆ ಪ್ರಬಂಧವನ್ನು ಬರೆದರು; ಅದು 1936ರಲ್ಲಿ ಅಚ್ಚಾಯಿತು. ಸ್ವದೇಶದ ಬಾಗಿಲು ಮುಚ್ಚಿದ ಮೇಲೆ ಮೂರು ಸಾವಿರ ವರ್ಷಗಳ ಹಿಂದಿನ ಬಾಗಿಲುಗಳನ್ನು ಅಳೆಯುತ್ತ ಕುಳಿತುದರಲ್ಲಿ ವಿಧಿಯ ವಿನೋದವನ್ನು ಕಾಣುವವರು ಕಾಣಬಹುದು.

ಅವರ ಸೋದರಮಾವ ಮ್ಯಾಕ್ಸ್ ಬಾರ್ನ್. ಗಟ್ಟಿಂಗೆನ್ ವಿಶ್ವವಿದ್ಯಾನಿಲಯದ ಈ ಭೌತವಿಜ್ಞಾನಿಯನ್ನೂ 1933ರ ಶಾಸನವು ಪೀಠದಿಂದ ಇಳಿಸಿತ್ತು. 1935-36ರಲ್ಲಿ ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಬಾರ್ನರು ಸುಮಾರು ಆರು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಅಲ್ಲಿಯೇ ಶಾಶ್ವತವಾಗಿ ನಿಲ್ಲಿಸಿಕೊಳ್ಳಬೇಕೆಂಬ ರಾಮನ್ನರ ಯತ್ನವು ಸಂಸ್ಥೆಯೊಳಗಿನ ವಿರೋಧದಿಂದ ಮುರಿದುಬಿದ್ದಿತು. ಬಾರ್ನರು ಎಡಿನ್‌ಬರೊಗೆ ಹೋದರು, 1954ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಬೆಂಗಳೂರು ಕಳೆದುಕೊಂಡುದೆಷ್ಟೆಂದು ಲೆಕ್ಕಹಾಕುವುದು ವ್ಯರ್ಥ. ಆದರೆ ಅವರಿಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಪರಿಚಯವಾಗಿತ್ತು. 1939ರಲ್ಲಿ ಮಿರ್ಜಾ ಸಾಹೇಬರ ಸರ್ಕಾರವು ಬಾರ್ನರ ಸೋದರಳಿಯನನ್ನು ಮೈಸೂರಿನ ವಾಸ್ತುಶಿಲ್ಪಿಯನ್ನಾಗಿ ನೇಮಿಸಿಕೊಂಡಿತು. ಒಂದು ಸರ್ಕಾರ ಜಾತಕವನ್ನು ನೋಡಿ ಹೊರಗಟ್ಟಿದವನನ್ನು ಇನ್ನೊಂದು ಸರ್ಕಾರ ಕೈಗುಣವನ್ನು ನೋಡಿ ಒಳಗೆ ಕರೆದುಕೊಂಡಿತು.

ಅವರು ಮೈಸೂರಿಗಾಗಿ ಮಾಡಿದುದು ಅಲ್ಪವಲ್ಲ. ವಿಜ್ಞಾನ ಸಂಸ್ಥೆಯ ಭೋಜನಶಾಲೆ, ಲೋಹವಿಜ್ಞಾನದ ಕಟ್ಟಡ, ವಿಮಾನಶಾಸ್ತ್ರ ವಿಭಾಗದ ಗಾಳಿಸುರಂಗ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಇವೆಲ್ಲ ಅವರ ಕೈಯ ಗುರುತುಗಳು. ಅರಮನೆಯ ಗೋಪುರ ಕಮಾನುಗಳಿಗೆ ಒಗ್ಗಿದ ಕಣ್ಣುಗಳಿಗೆ ಈ ನೇರವಾದ ಗೆರೆಗಳು ಬೋಳಾಗಿ ತೋರುವುದು ಸಹಜ. ನಮ್ಮ ಮಟ್ಟಿಗೆ ಅವರ ದೊಡ್ಡ ಕೆಲಸ ಕಟ್ಟಡಗಳಿಗಿಂತ ಹೆಚ್ಚಾಗಿ ಅವುಗಳಿಂದ ಅವರು ಕಲಿತ ಪಾಠ. ಚಳಿಯ ದೇಶದಲ್ಲಿ ಕಲಿತ ಶಿಲ್ಪವನ್ನು ಬಿಸಿಲಿನ ದೇಶಕ್ಕೆ ಹೊತ್ತು ತಂದರೆ ಆಗದು, ಹವೆಯನ್ನು ಅಳೆದು ಮನೆಯನ್ನು ಕಟ್ಟಬೇಕೆಂಬ ವಿಚಾರವನ್ನು ಅವರು ಮುಂದೆ ಲಂಡನ್ನಿನಲ್ಲಿ ಬೋಧಿಸಿದರು. ಮೂವರೊಡನೆ ಸೇರಿ ಬರೆದ ಉಷ್ಣದೇಶಗಳ ವಸತಿ ನಿರ್ಮಾಣದ ಕೈಪಿಡಿಯು 1970ರ ದಶಕದಲ್ಲಿ ಪ್ರಕಟವಾಯಿತು.

ಆ ಶಾಸ್ತ್ರದ ತಿರುಳು ಚಿತ್ತಾಪುರ ಚಿಂಚೋಳಿಗಳ ಹಳೆಯ ಮನೆಗಳಲ್ಲಿ ಇದ್ದೇ ಇದೆ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಸಣ್ಣ ಕಿಟಕಿ, ನಡುವೆ ಅಂಗಳ. ಹಗಲಿನ ಬಿಸಿ ದಪ್ಪ ಗೋಡೆಯನ್ನು ದಾಟಿ ಒಳಗೆ ಬರಲು ಎಷ್ಟೋ ಗಂಟೆಗಳು ಬೇಕು. ಅದು ಬರುವ ಹೊತ್ತಿಗೆ ಸೂರ್ಯ ಮುಳುಗಿ, ಮನೆಯವರು ಹಾಸಿಗೆಯನ್ನು ಮಾಳಿಗೆಯ ಮೇಲಕ್ಕೆ ಒಯ್ದಿರುತ್ತಾರೆ. ಒಣಬಿಸಿಲಿನ ಸೀಮೆಗೆ ಇದು ಸರಿ. ಮಲೆನಾಡಿಗೂ ಕರಾವಳಿಗೂ ಸಲ್ಲದು, ಅಲ್ಲಿ ಗಾಳಿ ಆಡುವ ದೊಡ್ಡ ಕಿಟಕಿಗಳು ಬೇಕು. ನಾಡಿಗೆಲ್ಲ ಸಿಮೆಂಟನ್ನು ಕಳುಹಿಸುವ ಈ ತಾಲ್ಲೂಕುಗಳ ಹೊಸ ಮನೆಗಳು ನಾಲ್ಕೈದು ಅಂಗುಲದ ಕಾಂಕ್ರೀಟು ಚಾವಣಿಯನ್ನು ಹೊದ್ದು ಮೇ ತಿಂಗಳಿನಲ್ಲಿ ಬಾಣಲೆಯಂತಾಗುವುದನ್ನು ನಾವು ಪ್ರತಿವರ್ಷವೂ ನೋಡುತ್ತೇವೆ. ಕಲ್ಲು ನಮ್ಮದು, ಅನುಭವವೂ ನಮ್ಮ ಹಿರಿಯರದು. ಅದನ್ನು ಶಾಸ್ತ್ರವಾಗಿ ಬರೆದಿಟ್ಟವರು ದೇಶಭ್ರಷ್ಟರಾದ ಒಬ್ಬ ಬರ್ಲಿನ್ನಿನವರು.

ಇನ್ನು ಗ್ರಾಬೋವರರ ಕಥೆ. ಅವರು ಕಾನೂನನ್ನು ಓದಿದವರು, ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದವರು, ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ಕೇಂದ್ರ ಹಣಕಾಸಿನ ಖಾತೆಯನ್ನು ಸೇರಿದರು. ಪ್ರಾಟೆಸ್ಟೆಂಟ್ ಮತದವರು, ಪೂರ್ವಿಕರು ಯೆಹೂದ್ಯರು. ಅವರ ಖಾತೆಯ ಮುಖ್ಯ ವಿಷಯ ವಹಿವಾಟು ತೆರಿಗೆ. ಯುದ್ಧದ ಸಾಲದಿಂದ ಬರಿದಾದ ಬೊಕ್ಕಸವನ್ನು ತುಂಬಲು ಜರ್ಮನಿಯು 1918ರಲ್ಲಿ ಪ್ರತಿಯೊಂದು ಮಾರಾಟದ ಮೇಲೆ ನೂರಕ್ಕೆ ಅರ್ಧದಂತೆ ಈ ತೆರಿಗೆಯನ್ನು ವಿಧಿಸಿತು. ಹತ್ತಿಯವನು ನೂಲಿನವನಿಗೆ ಮಾರಿದಾಗ ಒಮ್ಮೆ, ನೂಲಿನವನು ನೇಯುವವನಿಗೆ ಮಾರಿದಾಗ ಮತ್ತೊಮ್ಮೆ, ನೇಯ್ದವನು ಜವಳಿಯವನಿಗೆ ಮಾರಿದಾಗ ಇನ್ನೊಮ್ಮೆ ತೆರಿಗೆ ಬೀಳುವುದು; ತೆರಿಗೆಯ ಮೇಲೆಯೂ ತೆರಿಗೆ ಕೂಡುವುದು. ಎಲ್ಲ ಹಂತಗಳನ್ನೂ ಒಂದೇ ಸೂರಿನಡಿಯಲ್ಲಿ ನಡೆಯಿಸುವ ದೊಡ್ಡ ಕಾರ್ಖಾನೆಯು ತಪ್ಪಿಸಿಕೊಳ್ಳುತ್ತದೆ; ಸಣ್ಣವರು ತೆರುತ್ತಾರೆ. ಈ ದೋಷವನ್ನು ಅರಿತು ತಿದ್ದುತ್ತ ಹೋದುದೇ ಆ ತೆರಿಗೆಯ ಇತಿಹಾಸ. ಮದ್ರಾಸಿನಲ್ಲಿ 1939ರಲ್ಲಿ ರಾಜಾಜಿಯವರ ಸರ್ಕಾರವು ತಂದ ಸಾಮಾನ್ಯ ಮಾರಾಟ ತೆರಿಗೆಯೂ, ಹಿಂದಿನ ಹಂತದಲ್ಲಿ ತೆತ್ತುದನ್ನು ಮುಂದಿನ ಹಂತದಲ್ಲಿ ಕಳೆದುಕೊಡುವ 2017ರ ಜಿ.ಎಸ್.ಟಿ.ಯೂ ಇದೇ ಕುಟುಂಬಕ್ಕೆ ಸೇರಿದುವು.

ಈ ತೆರಿಗೆಯ ಕರಡನ್ನು ಬರೆದವರೆಂದು ಹೆಸರಾದವರು ಯೋಹಾನೆಸ್ ಪೋಪಿಟ್ಸ್. ಗ್ರಾಬೋವರರು ಅವರ ಸಹೋದ್ಯೋಗಿ. ವಹಿವಾಟು ತೆರಿಗೆಯ ಇತಿಹಾಸವನ್ನೂ ಸ್ವದೇಶ ವಿದೇಶಗಳಲ್ಲಿ ಅದರ ಸ್ಥಿತಿಯನ್ನೂ ವಿವರಿಸುವ ಗ್ರಂಥವು 1925ರಲ್ಲಿ ಹೊರಬಂದಿತು. 1932ರಲ್ಲಿ ಗ್ರಾಬೋವರರು ನೆಪೋಲಿಯನ್ ವಿರುದ್ಧದ ವಿಮೋಚನಾ ಯುದ್ಧಗಳ ಹಿಂದುಮುಂದಿನ ಪ್ರಷ್ಯದ ತೆರಿಗೆಗಳನ್ನು ಕುರಿತು ಬರೆದರು. ಕಡತಗಳ ನಡುವೆ ಕುಳಿತು ಇತಿಹಾಸವನ್ನು ಓದುವ ಅಧಿಕಾರಿಗಳು ಎಲ್ಲ ದೇಶಗಳಲ್ಲಿಯೂ ವಿರಳ. ಅಂತಹವರನ್ನು ಕಂಡರೆ ನಮಗೆ ಸಹಜವಾಗಿಯೇ ಪಕ್ಷಪಾತ.

1933ರಲ್ಲಿ ಅವರಿಗೆ ಐವತ್ತು ವರ್ಷ. ರಣರಂಗದಲ್ಲಿ ಕಾದಾಡಿದವರೆಂಬ ವಿನಾಯಿತಿಯು ಅವರನ್ನು ಉಳಿಸಿತು. 1934ರಲ್ಲಿ ಮ್ಯೂನಿಕ್ ನಗರದ ಕೇಂದ್ರ ತೆರಿಗೆ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಹೋದರು. ಆ ನ್ಯಾಯಾಲಯದ ಅಧ್ಯಕ್ಷರಾಗಿದ್ದ ಹೆರ್ಬೆರ್ಟ್ ಡೋರ್ನರೂ ಯೆಹೂದ್ಯ ವಂಶದವರೇ. ಅವರು ಅದೇ ವರ್ಷ ಹೊರಗೆ ಹೋಗಬೇಕಾಯಿತು. 1934ರ ಅಕ್ಟೋಬರ್ 16ರ ಶಾಸನವೊಂದು ತೆರಿಗೆಯ ಕಾನೂನುಗಳನ್ನೆಲ್ಲ ನಾಜಿ ಲೋಕದೃಷ್ಟಿಗೆ ಅನುಸಾರವಾಗಿ ಅರ್ಥೈಸತಕ್ಕದ್ದೆಂದು ಮೊದಲನೆಯ ಕಲಮಿನಲ್ಲಿಯೇ ವಿಧಿಸಿತು. ತೆರಿಗೆ ಕೊಡುವವನಿಗೆ ಕಾನೂನಿನ ಅಕ್ಷರವೇ ಕೋಟೆ. ಅಕ್ಷರಕ್ಕೆ ಬದಲಾಗಿ ಆಳುವ ಪಕ್ಷದ ಮನೋಧರ್ಮವು ಬಂದು ಕುಳಿತರೆ, ನ್ಯಾಯಾಧೀಶನು ವಸೂಲಿಯ ಕಾರಕೂನನಾಗದೆ ಉಳಿಯುವುದು ಹೇಗೆ?

ಹಿಂಡೆನ್‌ಬುರ್ಗ್ 1934ರ ಆಗಸ್ಟಿನಲ್ಲಿ ತೀರಿಕೊಂಡರು. 1935ರ ಸೆಪ್ಟೆಂಬರಿನ ನ್ಯೂರೆಂಬರ್ಗ್ ಶಾಸನಗಳೂ ನವೆಂಬರಿನ ನಿಯಮವೂ ವಿನಾಯಿತಿಯನ್ನು ಅಳಿಸಿದುವು. ಯೆಹೂದ್ಯರೆನಿಸಿದ ಅಧಿಕಾರಿಗಳೆಲ್ಲರೂ ಡಿಸೆಂಬರ್ 31ಕ್ಕೆ ನಿವೃತ್ತರು. ಗ್ರಾಬೋವರರೂ ಹೋದರು. ಯುದ್ಧದಲ್ಲಿ ಹೋರಾಡಿದವರಿಗೆ ಕಡೆಯ ಸಂಬಳವನ್ನೇ ಪಿಂಚಣಿಯಾಗಿ ಕೊಡತಕ್ಕದ್ದೆಂದು ಆ ನಿಯಮದಲ್ಲಿಯೇ ಇದ್ದಿತು. ಸಿಕ್ಕಿನ ಗಂಟು ಇಲ್ಲಿಯೇ ಇದೆ. ಕೆಲಸ ಹೋದರೂ ಪಿಂಚಣಿಯುಂಟು, ಮನೆಯುಂಟು, ದೇಶಕ್ಕಾಗಿ ರಕ್ತ ಸುರಿಸಿದ ನೆನಪುಂಟು. ಈ ಹುಚ್ಚು ಇಳಿಯುವವರೆಗೆ ಕಾದರೆ ಸಾಕೆಂದು ಐವತ್ತು ದಾಟಿದ ಎಷ್ಟು ಮಂದಿ ಎಣಿಸಲಿಲ್ಲ! ಹೊರಡುವವರಿಗೆ ದೇಶತ್ಯಾಗದ ತೆರಿಗೆ ಕಾದಿತ್ತು. ಬಂಡವಾಳವು ಹೊರಗೆ ಓಡದಂತೆ ತಡೆಯಲು ಹಿಟ್ಲರನಿಗೂ ಮೊದಲು, 1931ರಲ್ಲಿ, ಹುಟ್ಟಿದ ತೆರಿಗೆ ಅದು. ಆಸ್ತಿಯ ನಾಲ್ಕನೆಯ ಒಂದು ಪಾಲನ್ನು ಕೊಟ್ಟು ಹೋಗಬೇಕು. ನಾಜಿಗಳು 1934ರಲ್ಲಿ ಎರಡು ಲಕ್ಷ ಮಾರ್ಕಿನ ಮಿತಿಯನ್ನು ಐವತ್ತು ಸಾವಿರಕ್ಕೆ ಇಳಿಸಿ ಅದನ್ನು ಸಾಮಾನ್ಯರ ಕೊರಳಿಗೂ ಬಿಗಿದರು. 1938ರ ನವೆಂಬರಿನ ಹಾವಳಿಯ ನಂತರ ಯೆಹೂದ್ಯರ ಮೇಲೆಯೇ ನೂರು ಕೋಟಿ ಮಾರ್ಕಿನ ದಂಡ ಬಿದ್ದಿತು. ಇವೆಲ್ಲವನ್ನೂ ವಸೂಲುಮಾಡಿದವರು ಕಂದುಬಣ್ಣದ ಅಂಗಿಯ ಪುಂಡರಲ್ಲ. ಮೇಜಿನ ಮುಂದೆ ಕುಳಿತ, ರಸೀತಿ ಬರೆಯುವ, ತೆರಿಗೆಯ ಕಚೇರಿಯ ನೌಕರರು. ಗ್ರಾಬೋವರರು ಕಟ್ಟಿ ಬೆಳೆಸಿದ ಖಾತೆಯವರು.

ಅಧಿಕಾರಿ ಪೋಪಿಟ್ಸ್ ಬೇರೆ ದಾರಿ ಹಿಡಿದರು. 1933ರಲ್ಲಿ ಪ್ರಷ್ಯದ ಹಣಕಾಸಿನ ಮಂತ್ರಿಯಾದರು. 1938ರ ಹಾವಳಿಯಾದ ಮೇಲೆ ರಾಜೀನಾಮೆ ಕೊಡಲು ಮುಂದಾದರು, ಅದು ಸ್ವೀಕೃತವಾಗಲಿಲ್ಲ. ಹಿಟ್ಲರನ ವಿರೋಧಿಗಳ ಗುಂಪನ್ನು ಸೇರಿ, 1944ರ ಜುಲೈ ಒಳಸಂಚು ಮುರಿದ ಮಾರನೆಯ ದಿನ ಸೆರೆಸಿಕ್ಕಿ, 1945ರ ಫೆಬ್ರವರಿ 2ರಂದು ಗಲ್ಲಿಗೇರಿದರು. ಆ ಸಾವು ಅವರ ಹಿಂದಿನ ವರ್ಷಗಳನ್ನು ತೊಳೆಯಿತೆಂದು ಹೇಳಲು ನಮಗೆ ಧೈರ್ಯವಿಲ್ಲ. ತೊಳೆಯಲಿಲ್ಲವೆಂದು ಹೇಳಲೂ ಇಲ್ಲ.

1941ರ ಅಕ್ಟೋಬರಿನಲ್ಲಿ ಯೆಹೂದ್ಯರು ದೇಶವನ್ನು ಬಿಡುವುದೇ ನಿಷಿದ್ಧವಾಯಿತು. ನವೆಂಬರಿನ ನಿಯಮವೊಂದು ಹೊರದೇಶಗಳಲ್ಲಿ ನೆಲಸಿದ್ದ ಜರ್ಮನ್ ಯೆಹೂದ್ಯರೆಲ್ಲರ ಪೌರತ್ವವನ್ನು ಕಿತ್ತುಕೊಂಡಿತು. ದೂರದ ಬೆಂಗಳೂರಿನಲ್ಲಿದ್ದವರ ಮೇಲೂ ಆ ಗೆರೆ ಹಾಯಿತು. ಗ್ರಾಬೋವರರಾದರೋ ಮ್ಯೂನಿಕ್ ಬಳಿಯ ಲೋಹೋಫಿನಲ್ಲಿ ನಾರಗಸೆಯನ್ನು ಕೊಳೆಹಾಕಿ ನಾರು ತೆಗೆಯುವ ಕಾರ್ಖಾನೆಯ ದುಡಿಮೆಯ ಶಿಬಿರದಲ್ಲಿದ್ದರು. ಅಲ್ಲಿ ಬಹುಮಂದಿ ಯೆಹೂದ್ಯ ಹೆಂಗಸರನ್ನು ಬಲಾತ್ಕಾರವಾಗಿ ದುಡಿಸುತ್ತಿದ್ದರು. ಆ ಶಿಬಿರದ ಮೇಲ್ವಿಚಾರಣೆಯನ್ನು ಸೆರೆಯಾಳಾದ ಈ ಮಾಜಿ ನ್ಯಾಯಾಧೀಶರ ತಲೆಗೇ ಕಟ್ಟಿದ್ದರು. 1942ರ ಜೂನಿನಲ್ಲಿ ಅವರನ್ನು ಪ್ರಾಗ್ ನಗರದ ಉತ್ತರಕ್ಕಿರುವ ಥೆರೇಸಿಯೆನ್‌ಷ್ಟಾಟ್ ಎಂಬ ಹಳೆಯ ಕೋಟೆಯ ಊರಿಗೆ ಸಾಗಿಸಿದರು. ವೃದ್ಧರನ್ನೂ, ಹಿಂದಿನ ಯುದ್ಧದಲ್ಲಿ ಪದಕ ಪಡೆದವರನ್ನೂ ಅಲ್ಲಿಗೆ ಕಳುಹಿಸುವುದು ಏರ್ಪಾಟು. ಇಲ್ಲಿಯೂ ಒಂದು ವಿನಾಯಿತಿ! ಆ ವಿನಾಯಿತಿಯ ಊರಿಗೆ ಒಟ್ಟು ಸುಮಾರು 1,40,000 ಜನ ಬಂದರು. ಸುಮಾರು 33,000 ಮಂದಿ ಹಸಿವಿನಿಂದಲೂ ರೋಗದಿಂದಲೂ ಅಲ್ಲಿಯೇ ಸತ್ತರು. ಸುಮಾರು 88,000 ಮಂದಿಯನ್ನು ಔಷ್ವಿಟ್ಸ್ ಮೊದಲಾದ ಕೊಲೆಯ ನೆಲೆಗಳಿಗೆ ಮುಂದಕ್ಕೆ ಸಾಗಿಸಿದರು.

ಆ ಊರಿನಲ್ಲಿ ಸೆರೆಯಾಳುಗಳಿಂದಲೇ ನಡೆಯುವ ಆಡಳಿತವಿದ್ದಿತು, ನ್ಯಾಯಾಲಯವೂ ಇದ್ದಿತು. ಗ್ರಾಬೋವರರು ಅಲ್ಲಿ ಮತ್ತೆ ನ್ಯಾಯಾಧೀಶರಾದರು. ಸೆರೆಯಾಳಿನ ಕೈಯಿಂದ ಸೆರೆಯಾಳು ಅಪಹರಿಸಿದ ರೊಟ್ಟಿಯಂತಹ ಅಲ್ಪ ಪದಾರ್ಥಗಳ ವ್ಯಾಜ್ಯಗಳು ಇಂತಹ ನ್ಯಾಯಾಲಯದ ಮುಂದೆ ಬರುವುವು. ಮನೆ, ಹಣ, ಹೆಸರು, ಪ್ರಾಣ ಎಲ್ಲವನ್ನೂ ಕದ್ದವರು ಕೋಟೆಯ ಬಾಗಿಲಲ್ಲಿ ಕಾವಲು ನಿಂತಿರುವಾಗ ರೊಟ್ಟಿಯ ಕಳ್ಳನನ್ನು ವಿಚಾರಿಸುವುದು ಹಾಸ್ಯಾಸ್ಪದವೆಂದು ಕೆಲವರು ಅಂದಾರು. ನಮಗೆ ಹಾಗೆ ತೋರುವುದಿಲ್ಲ. ರೊಟ್ಟಿಯನ್ನು ಕಳೆದುಕೊಂಡ ಮುದುಕಿಗೆ ಆ ರೊಟ್ಟಿಯೇ ಮರುದಿನದ ಆಯುಷ್ಯ. ಅದನ್ನು ವಿಚಾರಿಸುವವರು ಒಬ್ಬರಿದ್ದರೆಂಬುದು ಸಣ್ಣ ಸಂಗತಿಯಲ್ಲ.

ಇತ್ತ ಸಾಗಿಸಲ್ಪಟ್ಟವರ ಮನೆಗಳಿಗೆ ಹಣಕಾಸು ಖಾತೆಯ ಗುಮಾಸ್ತರು ಹೋಗಿ, ಮಂಚ, ಕುರ್ಚಿ, ಹಾಸಿಗೆ, ಪಾತ್ರೆಗಳ ಪಟ್ಟಿ ಮಾಡಿ ಹರಾಜು ಹಾಕಿದರು. ನೆರೆಹೊರೆಯವರು ಬೆಲೆ ಕೂಗಿದರು. ಹಣ ಖಜಾನೆಗೆ ಜಮೆಯಾಯಿತು, ಲೆಕ್ಕ ತಪ್ಪದೆ.

ಜನ್ಮವನ್ನು ನೋಡಿ ಜನರನ್ನು ವಿಂಗಡಿಸುವ ಕಾಲವು ಜರ್ಮನಿಗೆ ಮಾತ್ರ ಬಂದುದೆಂದು ಈ ಸೀಮೆಯವರು ತಿಳಿಯಲಾರರು. 1947-48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ನಿಜಾಮರ ಗಡಿಯನ್ನು ದಾಟಿ ಹೋದ ಕುಟುಂಬಗಳು ಗುಲ್ಬರ್ಗ ಜಿಲ್ಲೆಯಲ್ಲಿದ್ದುವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಮುಸಲ್ಮಾನರೆಂಬ ಕಾರಣಕ್ಕೇ ಸತ್ತವರೂ ಮನೆ ಕಳೆದುಕೊಂಡವರೂ ಅದೇ ಜಿಲ್ಲೆಯಲ್ಲಿದ್ದರು. ಪಂಡಿತ ಸುಂದರಲಾಲರ ಸಮಿತಿಯು ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಎಣಿಸಿತು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಇತಿಹಾಸವಾಗದು.

ಆ ವರ್ಷಗಳ ಭಾರತದಲ್ಲಿಯೇ ಕೋನಿಗ್ಸ್‌ಬರ್ಗರರಿಗೆ ಹೊಸ ಕೆಲಸವೊಂದು ಬಂದಿತು. ದೇಶ ವಿಭಜನೆಯಿಂದ ಲಕ್ಷಾಂತರ ಜನ ನಿರಾಶ್ರಿತರಾದಾಗ, 1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಭುವನೇಶ್ವರದ ಹೊಸ ನಗರದ ನಕ್ಷೆಯನ್ನು ಬರೆದವರು ಅವರೇ. ಫರೀದಾಬಾದ್, ಗಾಂಧಿಧಾಮ ಮೊದಲಾದ ನಿರಾಶ್ರಿತರ ಊರುಗಳ ಯೋಜನೆಯಲ್ಲಿಯೂ ಅವರ ಕೈಯಿದ್ದಿತು. ದೇಶವನ್ನು ಕಳೆದುಕೊಂಡವರೊಬ್ಬರು ಊರನ್ನು ಕಳೆದುಕೊಂಡವರಿಗಾಗಿ ಬೀದಿಗಳ ಗೆರೆ ಎಳೆದರು. ಎಲ್ಲವೂ ಕೈಗೂಡಲಿಲ್ಲ: ಮನೆಯ ಭಾಗಗಳನ್ನು ಅಚ್ಚಿನಲ್ಲಿ ಎರೆದು ಜೋಡಿಸುವ ದೆಹಲಿಯ ಸರ್ಕಾರಿ ಕಾರ್ಖಾನೆಯು ಸೋತಿತು. 1951ರಲ್ಲಿ ಅವರು ಲಂಡನ್ನಿಗೆ ಹೋದರು. 1999ರಲ್ಲಿ ತೊಂಬತ್ತು ವರ್ಷದವರಾಗಿ ಅಲ್ಲಿ ತೀರಿಕೊಂಡರು.

ಗ್ರಾಬೋವರರು ಥೆರೇಸಿಯೆನ್‌ಷ್ಟಾಟಿನಿಂದ ಜೀವಂತವಾಗಿ ಹೊರಬಂದರು. 1945ರ ಮೇ ತಿಂಗಳಿನಲ್ಲಿ ಆ ಕೋಟೆಗೆ ಬಿಡುಗಡೆಯಾದಾಗ ಅವರಿಗೆ ಅರವತ್ತೆರಡು ವರ್ಷ ತುಂಬುತ್ತಿತ್ತು. ಇನ್ನು ಆ ನೆಲವನ್ನು ತುಳಿಯೆನೆಂದು ಅವರು ಹಡಗು ಹತ್ತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಬವೇರಿಯಕ್ಕೆ ಹಿಂದಿರುಗಿ ತೆರಿಗೆಯ ಖಾತೆಯನ್ನೇ ಮತ್ತೆ ಸೇರಿದರು. ಆ ವಲಯದ ಹಣಕಾಸಿನ ಮುಖ್ಯಾಧಿಕಾರಿಯಾಗಿ 1952ರವರೆಗೆ ದುಡಿದರು. ಎರ್ಲಾಂಗೆನ್ ವಿಶ್ವವಿದ್ಯಾನಿಲಯದಲ್ಲಿ ತರುಣರಿಗೆ ತೆರಿಗೆಯ ಕಾನೂನನ್ನು ಬೋಧಿಸಿದರು. 1963ರಲ್ಲಿ ಮ್ಯೂನಿಕ್‌ನಲ್ಲಿ ಕಾಲವಾದರು. ಹಾಸಿಗೆ ಪಾತ್ರೆಗಳ ಪಟ್ಟಿ ಬರೆದ ಕಚೇರಿಗಳ ಸಾಲಿಗೆ ಸೇರಿದ ಕಚೇರಿಯ ಮೇಲಣ ಕುರ್ಚಿ ಅವರದಾಗಿತ್ತು. ಆ ಕಚೇರಿ ಇದ್ದ ಊರು ನ್ಯೂರೆಂಬರ್ಗ್.